ಬೀಜದ ಕೈಗೆ ಹಚ್ಚುವ ಮದ್ದು

ತ್ರಾಸಿ,
8 ನವೆಂಬರ್ 2000

ಪ್ರೀತಿಯ ಕಮಲಾ,

ಇಲ್ಲಿ ನಾವು ಉಂಡು ತಿಂದು ಇದ್ದೇವೆ. ನಿನ್ನ ಭಾವ ಗಂಗೊಳ್ಳಿಯಿಂದ ಬೋಟಿಗೆ ಹೋದವರು ಇನ್ನೂ ಬಂದಿಲ್ಲ. ಅದಿರಲಿ, ಮೊದಲು ಸಿಹಿ ಸುದ್ದಿ ತಗೋ. ನಮ್ಮ ಪ್ರಫುಲ್ಲಾ ಬಸುರಿ. ನಾಲ್ಕು ತಿಂಗಳಾಯಿತಂತೆ, ಈ ಹುಡುಗಿ ಈಗ ಬಾಯಿ ಬಿಟ್ಟಿದ್ದಾಳೆ. ಏಪ್ರಿಲ್ ಕೊನೆಗೆ ಹೆರಿಗೆ. ನಾನು ಅಜ್ಜಿಯಾದರೆ ನನ್ನ ತಂಗಿ ನೀನೂ ಅಜ್ಜಿಯೇ. ಮೂವತ್ತೈದಕ್ಕೇ ಅಜ್ಜಿಯಾದೆಯಲ್ಲ ಮಾರಾಯ್ತಿ, ನಿನ್ನ ಗಂಡ ಚಂದುವಿಗೆ ಹೇಳಿ ಒಂದು ಕೋಲು ತರಿಸಿಕೋ.

ಸುದ್ದಿ ಕೇಳಿದ ಮೇಲೆ ಮನೆಯಲ್ಲಿ ಕೂರಲು ಮನಸ್ಸಾಗಲಿಲ್ಲ. ಒಂದು ಅಂಜಲ್ ಮೀನು, ಹಲಸಿನ ಹಪ್ಪಳ ಕಟ್ಟಿಕೊಂಡು ಬ್ರಹ್ಮಾವರಕ್ಕೆ ಅವಳ ಗಂಡನ ಮನೆಗೆ ಹೋದೆ. ಅವಳ ಅತ್ತೆ ಚೀಲ ತೆಗೆದುಕೊಳ್ಳಲು ಕೈ ಚಾಚಿದವರು ನನ್ನ ಕೈ ನೋಡಿ ನಿಂತರು. "ಹ್ವಾಯ್, ನಿಮ್ ಕೈ ಎಂತ ಹೀಂಗಾಯ್ತ್?" ಎಂದರು. ಗೇರುಬೀಜದ ಫ್ಯಾಕ್ಟರಿ ಕೈ ಅಲ್ಲವಾ, ಸಿಪ್ಪೆಯ ಸೊನೆ ತಾಗಿ ತಾಗಿ ಹೀಗೆ ಎಂದೆ. ಈ ವರ್ಷ ಸ್ವಲ್ಪ ಹೆಚ್ಚೇ ಆಗಿದೆ. ಅಂಗೈ ಕಪ್ಪಾಗಿರುವುದು ಹೊಸತಲ್ಲ. ಆದರೆ ಕೈಯ ಹಿಂಬದಿ, ಮಣಿಕಟ್ಟು, ಬೆರಳ ಸಂದಿ ಎಲ್ಲ ಕೆಂಪಾಗಿ ಚರ್ಮ ಸುಲಿದು ತುರಿಸುತ್ತದೆ.

ಅವರು ಚಾ ಕೊಟ್ಟರು, ಚೆನ್ನಾಗಿಯೇ ಮಾತಾಡಿದರು. ಹೊರಡುವಾಗ ಹೇಳಿದರು, "ಮಗು ಮೀಸೂಕೆ ನಮ್ಮ ಬದಿ ಹೆಂಗ್ಸೊಬ್ರಿದ್ರ್. ಅವ್ರನ್ನ ತ್ರಾಸಿಗೆ ಕಳ್ಸ್ತೆ. ನಿಮ್ಗೆ ಯಾಕ್ ತೊಂದ್ರೆ."

ತೊಂದರೆಯಂತೆ. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ ಕಣೇ ಕಮಲಾ. ಪ್ರಫುಲ್ಲಾ ಹುಟ್ಟುವಾಗ ನಮಗೆ ಅಮ್ಮ ಇರಲಿಲ್ಲ. ಬಾಣಂತಿಯೂ ನಾನೇ, ಎಣ್ಣೆ ತಿಕ್ಕಿ ಮಗುವನ್ನು ಮೀಸುವವಳೂ ನಾನೇ, ನೀರು ಹೊಯ್ಯಲು ನೀನೊಂದು ಸಣ್ಣ ಹುಡುಗಿ. ನನ್ನ ಮಗಳಿಗೆ ಹಾಗಾಗಬಾರದು, ಅವಳ ಮಗುವನ್ನು ಅವಳ ಅಮ್ಮನೇ ಕಾಲ ಮೇಲೆ ಮಲಗಿಸಿಕೊಂಡು ಮೀಸಬೇಕು ಎಂದು ನಾನು ಅಂದಿನಿಂದ ಇಟ್ಟುಕೊಂಡ ಆಸೆ. ಅದಕ್ಕೆ ಈಗ ಹೊರಗಿನ ಹೆಂಗಸು ಬರುತ್ತಾಳಂತೆ. ಆದರೆ ಅವರು ಹೇಳಿದ್ದು ತಪ್ಪೂ ಅಲ್ಲ. ಈ ಕೈಯನ್ನು ನಾನೇ ನನ್ನ ಮುಖಕ್ಕೆ ತಾಗಿಸುವುದಿಲ್ಲ. ಏಪ್ರಿಲ್ ಒಳಗೆ ಇದನ್ನು ಸರಿ ಮಾಡಿಕೊಳ್ಳಬೇಕು. ಹೇಗೆ ಎಂದು ಮಾತ್ರ ಗೊತ್ತಿಲ್ಲ.

ಇನ್ನೊಂದು ಸೋಜಿಗ ನೋಡು. ಪಕ್ಕದಲ್ಲಿ ಕೂರುವ ಸೀತು ಅದೇ ಬುಟ್ಟಿಯ ಬೀಜ ಒಡೆಯುತ್ತಾಳೆ, ಸೊನೆ ಅಂಟದಿರಲು ಅದೇ ಹರಳೆಣ್ಣೆ, ಬೂದಿ ಹಚ್ಚಿಕೊಳ್ಳುತ್ತಾಳೆ. ಅವಳ ಕೈ ಬರೀ ಕಪ್ಪು, ಒಂದು ಬೊಕ್ಕೆಯೂ ಇಲ್ಲ. ಒಂದೇ ಸೊನೆ, ಒಬ್ಬಳಿಗೆ ಸುಡುತ್ತದೆ, ಒಬ್ಬಳಿಗೆ ಇಲ್ಲ. ಯಾಕಿರಬಹುದು? ನಿನಗೆ ಏನಾದರೂ ತೋಚಿದರೆ ಬರಿ.

ನಿನ್ನ ಅಕ್ಕ,
ಪ್ರಭಾವತಿ


ಮಜಗಾಂವ್, ಮುಂಬಯಿ
26 ನವೆಂಬರ್ 2000

ಅಕ್ಕನಿಗೆ,

ಕಾಗದ ಓದಿ ಕುಣಿದುಬಿಟ್ಟೆ. ಕೆಳಗಿನ ಮನೆಯವರು ಏನಾಯಿತೆಂದು ಮೇಲೆ ಬಂದರು. ಇವರು ಬಂದರಿನ ಧಕ್ಕೆಯಿಂದ ಬಂದ ಮೇಲೆ ಹೇಳಿದರೆ, "ಹಂಗಾರೆ ನಾನ್ ಅಜ್ಜನಾ?" ಎಂದು ಕನ್ನಡಿಯ ಮುಂದೆ ಹೋಗಿ ನಿಂತರು. ನಮಗೆ ಮಕ್ಕಳಿಲ್ಲದಿದ್ದರೂ ಮೊಮ್ಮಗು ಬರುತ್ತಿದೆ ನೋಡು.

ಪ್ರಫುಲ್ಲನ ಅತ್ತೆಯ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಹಚ್ಚಿಕೊಳ್ಳದೆ ಇರುತ್ತೀಯಾ ನೀನು. ಸೀತುವಿನ ಕೈ ಯಾಕೆ ಸುಡುವುದಿಲ್ಲ ಎಂದು ನನ್ನನ್ನು ಕೇಳಿದರೆ ನನಗೇನು ಗೊತ್ತು. ನನಗೆ ಸಿಗಡಿ ತಿಂದರೆ ಆಗುವುದಿಲ್ಲ, ಇವರು ಬುಟ್ಟಿಗಟ್ಟಲೆ ತಿನ್ನುತ್ತಾರೆ. ಅದೂ ಯಾಕೆ ಎಂದು ಯಾರೂ ಹೇಳಿಲ್ಲ.

ಸೀತು ಬೇರು ನಾರು ಏನಾದರೂ ಹೇಳಿದರೆ ಮಾಡಬೇಡ. ಒಬ್ಬ ಡಾಕ್ಟರಿಗೆ ಕೈ ತೋರಿಸು. ಅವರು ಹೇಳಿದ್ದನ್ನು ಪೂರ್ತಿ ಕೇಳಿಕೊಂಡು ಬಾ. ನಿನ್ನ ಪ್ರಶ್ನೆಗಳಿಂದ ಅವರ ತಲೆ ತಿಂದು, ಅವರು ಹೇಳುವುದನ್ನೇ ಕೇಳದೆ ಬರಬೇಡ. ಏಪ್ರಿಲ್‌ಗೆ ಇನ್ನೂ ಹೊತ್ತಿದೆ.

ನಿನ್ನ ತಂಗಿ,
ಕಮಲ


ತ್ರಾಸಿ,
19 ಡಿಸೆಂಬರ್ 2000

ಕಮಲಾ,

ನೀನು ಹೇಳಿದ ಹಾಗೆ ಪೇಟೆಯ ಒಬ್ಬ ಡಾಕ್ಟರಲ್ಲಿಗೆ ಹೋದೆ. ಹೊರಗೆ ಬೆಂಚು ತುಂಬ ಜನ. ಹತ್ತು ಪ್ರಶ್ನೆ ಇಟ್ಟುಕೊಂಡು ಹೋಗಿದ್ದೆ, ಎರಡು ಕೇಳುವಷ್ಟರಲ್ಲಿ ಹಿಂದಿನವಳ ಮಗು ಅಳಲು ಶುರು ಮಾಡಿತು. ಅವರು ಒಂದು ಸಣ್ಣ ಟ್ಯೂಬು ಬರೆದುಕೊಟ್ಟರು. "ಇದ್ ಸ್ಟೀರಾಯ್ಡ್ ಕ್ರೀಮು, ಅದ್ರಲ್ಲೇ ಹಗೂರದ್ದ್. ದಿನಕ್ಕೆ ಎರಡ್ ಸಲ ತೆಳ್ಳಗೆ ಹಚ್ಚಿ, ಒಂದ್ ವಾರ ಕಳ್ದ್ ಬನ್ನಿ" ಎಂದರು. ಅಷ್ಟೇ.

ದಿನಕ್ಕೆ ಎರಡು ಸಲ ಎಂದರೆ ನಮಗೆ ಲೆಕ್ಕ ಗೊತ್ತಿದೆಯಲ್ಲ. ಬೆಳಿಗ್ಗೆ ಬೀಜಕ್ಕೆ ಕೂರುವ ಮೊದಲು ಒಂದು, ಮಧ್ಯಾಹ್ನ ಉಂಡು ಮತ್ತೆ ಕೂರುವ ಮೊದಲು ಒಂದು. ಹರಳೆಣ್ಣೆ ಹಚ್ಚುವುದೂ ಹಾಗೇ. ತೆಳ್ಳಗೆ ಎಂದರು, ಆದರೆ ತೆಳ್ಳಗೆ ಹಚ್ಚಿದರೆ ಸೊನೆ ತಡೆಯುವುದು ಹೇಗೆ? ಅದಕ್ಕೆ ಬೆರಳ ಸಂದಿಯವರೆಗೆ ದಪ್ಪಕ್ಕೆ ಬಳಿದು, ಮೇಲೆ ಬೂದಿ ಉಜ್ಜಿಕೊಂಡು ಕೂತೆ. ಸೀತು ನೋಡಿ, "ಎಂತ ಅಕ್ಕ, ದೋಸೆಗೆ ಬೆಣ್ಣಿ ಹಚ್ಚಿದಂಗೆ ಹಚ್ತೆ" ಎಂದಳು. ವಾರಕ್ಕೆಂದು ಕೊಟ್ಟ ಟ್ಯೂಬು ಎರಡೇ ದಿನಕ್ಕೆ ಖಾಲಿ. ಮತ್ತೆ ತಂದೆ. ಅದೂ ಖಾಲಿ.

ನನಗೊಂದು ಅನುಮಾನ ಬಂತು, ಇದು ನಿಜವಾಗಿ ಕೆಲಸ ಮಾಡುತ್ತದಾ ಎಂದು. ಮೂರನೇ ಟ್ಯೂಬು ತಂದವಳು ಬಲಗೈಗೆ ಮಾತ್ರ ಈ ಮದ್ದು, ಎಡಗೈಗೆ ಬರೀ ಹರಳೆಣ್ಣೆ ಹಚ್ಚಿ ನೋಡಿದೆ. ಸಂಜೆ ಎರಡು ಕೈಯನ್ನೂ ದೀಪದ ಹತ್ತಿರ ಹಿಡಿದು ನೋಡುವುದೇ ಕೆಲಸ. ನಿನ್ನ ಭಾವ ಕೇಳಿದರು, "ಎಂತ, ಕೈರೇಖೆ ಕಾಂತಿದ್ಯಾ?" ಎರಡೂ ಒಂದೇ ರೀತಿ ಕೆಂಪು, ಒಂದೇ ರೀತಿ ತುರಿಕೆ. ನೋಡಿದೆಯಾ, ಮದ್ದಿಗೆ ಶಕ್ತಿ ಇಲ್ಲ. ಅವರೇ ಹೇಳಿದ್ದಾರಲ್ಲ, ಹಗೂರದ್ದು ಎಂದು. ಬೀಜದ ಕೈಗೆ ಹಗೂರದ್ದು ಎಲ್ಲಿ ಸಾಕಾಗುತ್ತದೆ?

ಬೊಂಬಾಯಿಯಲ್ಲಿ ಇದರದೇ ಗಟ್ಟಿಯದು ಸಿಗುತ್ತದೆ ಎಂದು ಸೀತು ಹೇಳುತ್ತಾಳೆ. ಕೇಳಿ ನೋಡು. ಮುಂದಿನ ತಿಂಗಳು ಪ್ರಫುಲ್ಲನ ಬಯಕೆ ಊಟಕ್ಕೆ ಬ್ರಹ್ಮಾವರಕ್ಕೆ ಹೋಗಬೇಕು. ಈ ಕೈಯಿಂದ ಅವಳಿಗೆ ಹೂ ಮುಡಿಸಲು ನನಗೆ ನಾಚಿಕೆಯಾಗುತ್ತದೆ.

ನಿನ್ನ ಅಕ್ಕ,
ಪ್ರಭಾವತಿ


ಮಜಗಾಂವ್,
7 ಜನವರಿ 2001

ಅಕ್ಕನಿಗೆ,

ಗಟ್ಟಿಯದು ಸಿಕ್ಕಿತು. ಕೆಳಗಿನ ಮನೆಯವಳು ಬೆಳ್ಳಗಾಗಲು ಮುಖಕ್ಕೆ ಹಚ್ಚುವುದೂ ಇದನ್ನೇ. ಔಷಧಿ ಅಂಗಡಿಯವನು ಯಾರಿಗೆ, ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ಬಿಸ್ಕತ್ತು ಕೊಟ್ಟ ಹಾಗೆ ಕೊಟ್ಟ. ಇವರ ಜೊತೆ ಧಕ್ಕೆಯಲ್ಲಿರುವ ರತನ್ ಮದುವೆಗೆಂದು ಬೈಂದೂರಿಗೆ ಬರುತ್ತಾನೆ, ಅವನ ಕೈಯಲ್ಲಿ ಎರಡು ಟ್ಯೂಬು ಕಳಿಸಿದ್ದೇನೆ. ನನಗೆ ಲಂಗದ ದಾರ ಕಟ್ಟುವ ಜಾಗದಲ್ಲಿ ಮಳೆಗಾಲದಿಂದ ತುರಿಕೆ, ನನಗೂ ಒಂದು ತೆಗೆದುಕೊಂಡೆ.

ನಿನ್ನ ಚಾಳಿ ನನಗೂ ಅಂಟಿದೆ. ಅವಳ ಮುಖಕ್ಕೂ ಇದೇ, ನನ್ನ ಸೊಂಟಕ್ಕೂ ಇದೇ, ನಿನ್ನ ಬೀಜದ ಕೈಗೂ ಇದೇ. ತಾನು ಎಲ್ಲಿದ್ದೇನೆ, ಅಲ್ಲಿ ಏನು ಮಾಡಬೇಕು ಎಂದು ಆ ಮದ್ದಿಗೆ ಹೇಗೆ ಗೊತ್ತಾಗುತ್ತದೆ ಅಕ್ಕ? ನೆನೆಸಿಕೊಂಡು ಒಬ್ಬಳೇ ನಕ್ಕೆ.

ಹಚ್ಚಿ, ಏನಾಯಿತೆಂದು ಬರಿ.

ಕಮಲ


ತ್ರಾಸಿ,
2 ಫೆಬ್ರವರಿ 2001

ಕಮಲಾ,

ನಿನ್ನ ಕಾಲಿಗೆ ಅಡ್ಡ ಬೀಳಬೇಕು ಅನ್ನಿಸುತ್ತಿದೆ. ಮೂರೇ ದಿನ, ತುರಿಕೆ ಇಲ್ಲ. ಒಂದು ವಾರಕ್ಕೆ ಕೆಂಪೂ ಹೋಯಿತು. ದಪ್ಪಕ್ಕೆ ಹಚ್ಚಿ, ಕೆಲಸ ಮುಗಿಸಿ ಬಂದ ಮೇಲೆ ಇನ್ನೊಮ್ಮೆ ಹಚ್ಚಿ, ಸಕ್ಕರೆಯ ಪ್ಲಾಸ್ಟಿಕ್ ತೊಟ್ಟೆ ಕೈಗೆ ಕಟ್ಟಿಕೊಂಡು ಮಲಗುತ್ತೇನೆ, ಮದ್ದು ಚಾದರಕ್ಕೆ ಹೋಗಬಾರದಲ್ಲ.

ಬಯಕೆ ಊಟದ ದಿನ ಪ್ರಫುಲ್ಲನಿಗೆ ನಾನೇ ಹೂ ಮುಡಿಸಿದೆ. ಅವಳ ಅತ್ತೆ ನನ್ನ ಕೈ ನೋಡಿದ್ದು ನನಗೆ ಗೊತ್ತಾಯಿತು. ನಾನು ಬೇಕೆಂದೇ ಪಾಯಸ ಬಡಿಸುವಾಗ ಅವರ ಎಲೆಯ ಮುಂದೆ ಸ್ವಲ್ಪ ಹೊತ್ತು ಹೆಚ್ಚು ನಿಂತೆ.

ಫ್ಯಾಕ್ಟರಿಯಲ್ಲಿ ಈಗ ನಿನ್ನ ಟ್ಯೂಬಿನದೇ ಮಾತು. ಸೀತು ಗಂಡನ ಕಾಲಿನ ಹುಳುಕಡ್ಡಿಗೆಂದು ಸ್ವಲ್ಪ ಕೊಂಡುಹೋದಳು. ಇನ್ನೊಬ್ಬಳು ಮಗಳ ಮೊಡವೆಗೆ ಎಂದಳು. ನನಗೂ ಕಣ್ಣಿನ ರೆಪ್ಪೆ ಸ್ವಲ್ಪ ಊದಿದೆ, ಅಲ್ಲಿಗೂ ಹಚ್ಚಿ ನೋಡಬೇಕೆಂದಿದ್ದೇನೆ. ಇನ್ನು ಎರಡು ಟ್ಯೂಬು ಕಳಿಸು. ಇಷ್ಟು ಸಣ್ಣ ಟ್ಯೂಬಿನಲ್ಲಿ ಎಂತದ್ದು ತುಂಬಿಸಿದ್ದಾರೋ, ಅದನ್ನು ಕಂಡುಹಿಡಿದವನು ಯಾರೋ.

ನಿನ್ನ ಅಕ್ಕ,
ಪ್ರಭಾವತಿ


ತ್ರಾಸಿ,
6 ಮಾರ್ಚ್ 2001

ಕಮಲಾ,

ಟ್ಯೂಬು ಕಳಿಸಬೇಡ. ಕಳಿಸಿದ್ದರೆ ಬಂದ ಕೂಡಲೇ ನೀರಿಗೆ ಹಾಕುತ್ತೇನೆ. ಇಷ್ಟು ದಿನ ಬರೆಯದ್ದಕ್ಕೆ ಸಿಟ್ಟಾಗಬೇಡ, ಬರೆಯುವ ಹಾಗೆ ಇರಲಿಲ್ಲ.

ಮೊದಲು ಮಣಿಕಟ್ಟಿನ ಚರ್ಮ ಹೊಳೆಯಲು ಶುರುವಾಯಿತು. ಚೆಂದವಾಯಿತು ಎಂದುಕೊಂಡೆ. ಮುಟ್ಟಿ ನೋಡಿದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಬೀಜದ ಬುಟ್ಟಿಯ ಅಂಚು ತಾಗಿದರೆ ನೀಲಿ ಕಲೆ. ಅಷ್ಟರಲ್ಲಿ ಟ್ಯೂಬು ಮುಗಿಯಿತು. ನಾಲ್ಕನೇ ದಿನಕ್ಕೆ ಮೊದಲಿಗಿಂತ ದುಪ್ಪಟ್ಟು ಉರಿ, ಬಿರುಕು ಬಿಟ್ಟು ನೀರು ಬಂತು. ಸೀತುವಿನ ಗಂಡನದು ಇನ್ನೂ ಚೆಂದ. ಉಗುರಿನಷ್ಟಿದ್ದ ಹುಳುಕಡ್ಡಿ ಮೊಣಕಾಲಿನವರೆಗೆ ಹಬ್ಬಿದೆ. ಅವನು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ.

ಮಗು ಬರಲು ಎರಡು ತಿಂಗಳಿಲ್ಲ, ಕೈ ಹೀಗೆ. ಹೆದರಿಕೆಯಾಯಿತು. ಕುಂದಾಪುರದ ಸರಕಾರಿ ಆಸ್ಪತ್ರೆಗೆ ಹೋದೆ. ಹೋಗುವಾಗ ಖಾಲಿ ಟ್ಯೂಬುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡೆ. ಅಲ್ಲಿ ಚರ್ಮದ ಡಾಕ್ಟ್ರಮ್ಮ ಒಬ್ಬರಿದ್ದಾರೆ, ದಾವಣಗೆರೆ ಕಡೆಯವರು. ಟ್ಯೂಬುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ನೋಡಿದರು. ಆಮೇಲೆ, "ಹೇಗೆ ಹಚ್ಚಿಕೊಳ್ತೀರಿ, ಮಾಡಿ ತೋರಿಸಿ" ಎಂದರು.

ತೋರಿಸಿದೆ. ಸೀರೆ ಸೆರಗು ಸಿಕ್ಕಿಸಿ, ಬಳಿದು, ಆಮೇಲೆ ಕೈ ತನ್ನಷ್ಟಕ್ಕೆ ಪಕ್ಕಕ್ಕೆ ಹೋಯಿತು. "ಏನು ಹುಡುಕ್ತಿದ್ದೀರಿ?" ಎಂದು ಅವರು ಕೇಳಿದರು. "ಬೂದಿ" ಎಂದೆ.

ಅವರು ಬಯ್ಯುತ್ತಾರೆ ಎಂದುಕೊಂಡೆ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಯಾವಾಗ, ಕೆಲಸಕ್ಕೆ ಮೊದಲಾ?" ಎಂದರು. ಹೌದು ಎಂದೆ. "ನಾನು ಇಷ್ಟು ವರ್ಷ ಬೀಜದ ಕೆಲಸದವರಿಗೆ ಎರಡು ಸಲ ಹಚ್ಚಿ ಅಂತ ಬರೆದುಕೊಡ್ತಾ ಬಂದಿದ್ದೀನಿ. ಯಾವಾಗ ಅಂತ ಒಬ್ಬರಿಗೂ ಹೇಳಿಲ್ಲ" ಎಂದು ನರ್ಸಿನ ಕಡೆ ತಿರುಗಿ ಹೇಳಿದರು. ಆಮೇಲೆ ಕುರ್ಚಿ ಎಳೆದು ನನ್ನನ್ನು ಕೂರಿಸಿದರು.

ಅವರು ಹೇಳಿದ್ದನ್ನು ನಿನಗೂ ಹೇಳುತ್ತೇನೆ, ನಿನ್ನ ಸೊಂಟದ ವಿಷಯ ಇದೆಯಲ್ಲ. ಈ ಮದ್ದು ಸೊನೆ ತಡೆಯುವ ಎಣ್ಣೆ ಅಲ್ಲವಂತೆ. ಸಿಟ್ಟಿಗೆದ್ದ ಚರ್ಮವನ್ನು ಸಮಾಧಾನ ಮಾಡುವುದು ಅದರ ಕೆಲಸ. ಕೆಲಸ ಮುಗಿಸಿ, ಸೊನೆ ಪೂರ್ತಿ ತೊಳೆದು, ಒರೆಸಿ ಒಣಗಿಸಿ, ಕೆಂಪಾದ ಜಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಬೇಕು. ತೋರುಬೆರಳಿನ ತುದಿಯ ಗೆಣ್ಣಿನಷ್ಟುದ್ದ ಹಿಂಡಿದರೆ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನಾನು ಅಷ್ಟನ್ನು ಒಂದು ಬೆರಳಿಗೇ ಹಾಕುತ್ತಿದ್ದೆ. ಹಗೂರದ್ದನ್ನೂ ಒಂದು ವಾರ ಹಚ್ಚಿ ಕಡಿಮೆಯಾಗದಿದ್ದರೆ ತೋರಿಸಲು ಬರಬೇಕು, ನಾವೇ ಮುಂದುವರಿಸುವುದಲ್ಲ. ಮೇಲೆ ಪ್ಲಾಸ್ಟಿಕ್ ಕಟ್ಟಿದರೆ ಮದ್ದು ಒಳಗೆ ಇಳಿದು ಜೋರಾಗುತ್ತದಂತೆ. ಕೀವು, ಹುಳುಕಡ್ಡಿ ಇದ್ದಲ್ಲಿ ಹಚ್ಚಿದರೆ ಮೇಲೆ ಕೆಂಪು ಅಡಗುತ್ತದೆ, ಒಳಗೆ ಅದು ಆರಾಮವಾಗಿ ಬೆಳೆಯುತ್ತದೆ.

ನನ್ನ ಪ್ರಶ್ನೆಗಳನ್ನೆಲ್ಲ ಕೇಳಿಬಿಟ್ಟೆ. ನಿನ್ನದನ್ನೂ ಕೇಳಿದೆ, ತಾನು ಎಲ್ಲಿದ್ದೇನೆ ಎಂದು ಮದ್ದಿಗೆ ಹೇಗೆ ಗೊತ್ತಾಗುತ್ತದೆ ಎಂದು. ಡಾಕ್ಟ್ರಮ್ಮ ಜೋರಾಗಿ ನಕ್ಕರು. "ಗೊತ್ತಾಗಲ್ಲ ಕಣ್ರೀ, ಅದೇ ಕಷ್ಟ" ಎಂದರು. ಅಂಗೈಯ ಚರ್ಮ ದಪ್ಪ, ಮದ್ದು ಒಳಗೆ ಹೋಗಲು ಒದ್ದಾಡಬೇಕು. ಕಣ್ಣಿನ ರೆಪ್ಪೆ, ಮುಖ, ತೊಡೆಯ ಸಂದಿಯಲ್ಲಿ ಚರ್ಮ ತೆಳು, ಅಲ್ಲಿ ಸಲೀಸಾಗಿ ಇಳಿಯುತ್ತದೆ. ಗಟ್ಟಿಯದನ್ನು ಅಲ್ಲಿ ಹಚ್ಚಿದರೆ ಇದ್ದ ಚರ್ಮವೂ ಸವೆಯುತ್ತದೆ. ರೆಪ್ಪೆಗೆ ಹಚ್ಚಿದ್ದೀರಾ ಎಂದು ಎರಡು ಸಲ ಕೇಳಿದರು. ಇಲ್ಲ, ಹಚ್ಚಬೇಕೆಂದಿದ್ದೆ ಎಂದೆ. ಸದ್ಯ ಎಂದರು.

ನಿನ್ನ ಕೆಳಗಿನ ಮನೆಯವಳಿಗೆ ಹೋಗಿ ಹೇಳು. ನೀನೂ ಡಾಕ್ಟರಿಗೆ ತೋರಿಸು.

ನಾನು ಗಟ್ಟಿಯದನ್ನು ಒಮ್ಮೆಗೇ ಬಿಟ್ಟದ್ದಕ್ಕೇ ಇಷ್ಟು ಜೋರಾಗಿ ಮರುಕಳಿಸಿತಂತೆ. ಈಗ ಬಿರುಕು ಮಾಯಲು ಬೇರೆ ಮದ್ದು, ಅದು ಒಣಗಿದ ಮೇಲೆ ಅವರು ಹೇಳಿದಷ್ಟೇ ದಿನ ಹಗೂರದ್ದು. ಉಳಿದ ಹೊತ್ತಿನಲ್ಲೆಲ್ಲ ಬರೀ ವ್ಯಾಸಲೀನು. ಕೊನೆಗೆ ಒಂದು ಮಾತು ಹೇಳಿದರು. "ಸೊನೆ ಮುಟ್ಟೋದು ನಿಲ್ಲೋವರೆಗೆ ಯಾವ ಮದ್ದು ಹಚ್ಚಿದರೂ ಇದು ಹೋಗೋದಿಲ್ಲ" ಎಂದು.

ನಿನ್ನ ಅಕ್ಕ,
ಪ್ರಭಾವತಿ


ಮಜಗಾಂವ್,
18 ಮಾರ್ಚ್ 2001

ಅಕ್ಕನಿಗೆ,

ನನ್ನ ಕೈಯಾರೆ ನಿನಗೆ ವಿಷ ಕಳಿಸಿದ ಹಾಗಾಯಿತು. ಎರಡು ದಿನ ಊಟ ಸೇರಲಿಲ್ಲ. ಇವರು, "ನೀ ಮದ್ದ್ ಕಳ್ಸಿದ್ದ್, ಕೆಟ್ಟದ್ ಮಾಡೂಕಲ್ಲ" ಎಂದರು. ಅದು ನನಗೂ ಗೊತ್ತು. ಆದರೂ.

ಡಾಕ್ಟರಿಗೆ ಸೊಂಟ ತೋರಿಸಿದೆ. ನನ್ನದೂ ಹುಳುಕಡ್ಡಿಯೇ. ಮೇಲೆ ಕಾಣದ ಹಾಗೆ ಮಾಡಿ ಇಷ್ಟು ದಿನ ನಾನೇ ಸಾಕಿದ್ದೆ. ದಾರ ಸಡಿಲ ಕಟ್ಟಿ, ಬೆವರು ಒರೆಸಿ ಒಣಗಿಸಿ ಇಡಿ ಎಂದು ಬೇರೆ ಮದ್ದು ಕೊಟ್ಟರು. ಕೆಳಗಿನ ಮನೆಯವಳಿಗೆ ಹೇಳಿದರೆ, "ನಿನಗೆ ಹೊಟ್ಟೆಕಿಚ್ಚು" ಎಂದು ಬಾಗಿಲು ಹಾಕಿಕೊಂಡಳು. ಬಿಸಿಲಿಗೆ ಹೋದರೆ ಅವಳ ಮುಖ ಟೊಮೆಟೊ ಆಗುವುದನ್ನು ನಾನು ನೋಡಿದ್ದೇನೆ. ನಾಳೆ ಇನ್ನೊಮ್ಮೆ ಹೋಗುತ್ತೇನೆ.

ಡಾಕ್ಟ್ರಮ್ಮ ಹೇಳಿದ ಕೊನೆಯ ಮಾತಿಗೆ ಏನು ಮಾಡಬೇಕೆಂದಿದ್ದೀಯಾ? ನೀನು ಬರೆದಿಲ್ಲ.

ಕಮಲ


ತ್ರಾಸಿ,
12 ಏಪ್ರಿಲ್ 2001

ಕಮಲಾ,

ಫ್ಯಾಕ್ಟರಿ ಬಿಟ್ಟೆ. ಬಾಣಂತನ ಮುಗಿಯುವವರೆಗೆ ರಜೆ ಕೊಡಿ ಎಂದು ಕೇಳಿದೆ. "ಅಷ್ಟ್ ದಿನ ಜಾಗ ಖಾಲಿ ಇಡೂಕಾತ್ತಿಲ್ಲೆ" ಎಂದರು ಮೇಸ್ತ್ರಿ. ಸರಿ, ಇಡಬೇಡಿ ಎಂದು ಬಂದೆ. ಮದುವೆಗೆ ಮೊದಲಿನಿಂದ ಕೂತ ಜಾಗ ಅದು. ಮಳೆಗಾಲದಲ್ಲಿ ಬೋಟೂ ಇರುವುದಿಲ್ಲ ಎಂದು ನಿನ್ನ ಭಾವನಿಗೆ ಹೇಳಿದೆ. ರಾತ್ರಿ ಊಟಕ್ಕೆ ಕೂತಾಗ, "ಮಳೆಗಾಲ ಹ್ಯಾಂಗೂ ದಾಟ್ತ್" ಎಂದರು.

ಕೈ ವಾಸಿಯಾಗುತ್ತಿದೆ. ಬಿರುಕು ಮಾದಿದೆ. ಹಗೂರದ ಮದ್ದನ್ನು ಡಾಕ್ಟ್ರಮ್ಮ ಹೇಳಿದ ಹಾಗೆ ತೊಳೆದು, ಒರೆಸಿ, ತೆಳ್ಳಗೆ ಹಚ್ಚಿದೆ. ಡಿಸೆಂಬರಿನಲ್ಲಿ ಶಕ್ತಿ ಇಲ್ಲ ಎಂದು ನಾನು ಬೈದ ಅದೇ ಟ್ಯೂಬು ಕಣೇ. ಈ ಸಲ ಕೆಲಸ ಮಾಡಿತು. ವಾರ ಕಳೆದು ತೋರಿಸಿದೆ, ಇನ್ನು ಸಾಕು ನಿಲ್ಲಿಸಿ ಎಂದರು. ಒಂದು ಟ್ಯೂಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಅಂಗೈಯಿಂದ ಹಳೆಯ ಕಪ್ಪು ಚರ್ಮ ಪದರ ಪದರವಾಗಿ ಏಳುತ್ತಿದೆ, ಅಡಿಯಲ್ಲಿ ಕೆಂಪು ಮಿಶ್ರಿತ ಬಿಳಿ. ನನ್ನ ಬೆರಳಿನಲ್ಲಿ ಗೆರೆಗಳಿವೆ ಎಂದು ಈಗ ನೋಡುತ್ತಿದ್ದೇನೆ.

ಪ್ರಫುಲ್ಲನನ್ನು ಕರೆದುಕೊಂಡು ಬಂದಾಯಿತು. ಬಿಡಲು ಅವಳ ಅತ್ತೆಯೂ ಬಂದಿದ್ದರು. ಹೋಗುವಾಗ ನಾನೇ ಎರಡು ಕೈ ಚಾಚಿ ಅವರ ಮುಂದೆ ಹಿಡಿದೆ. ತಿರುಗಿಸಿ ಮುರುಗಿಸಿ ನೋಡಿದರು. "ಕಾಂಬ" ಎಂದರು, ಅಷ್ಟೇ. ಈ ನೋಡೋಣ ಎನ್ನುವುದು ಹೌದೋ ಅಲ್ಲವೋ? ನಿನಗೇನು ಅನ್ನಿಸುತ್ತದೆ?

ನಿನ್ನ ಅಕ್ಕ,
ಪ್ರಭಾವತಿ


ತ್ರಾಸಿ,
9 ಮೇ 2001

ಕಮಲಾ,

ಹೆಣ್ಣು ಮಗು. ನಾನು ಫೋನು ಮಾಡಿದ್ದನ್ನು ಚಂದು ಹೇಳಿರುತ್ತಾನೆ. ಅಂಗಡಿಯ ಫೋನಿನಲ್ಲಿ ಹಿಂದೆ ಜನ ನಿಂತಿದ್ದರು, ಹೆಚ್ಚು ಹೇಳಲು ಆಗಲಿಲ್ಲ. ಶರಣ್ಯಾ ಎಂದು ಹೆಸರಿಡುತ್ತಾರಂತೆ. ಮೂಗು ನಿನ್ನದೇ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಬ್ರಹ್ಮಾವರದಿಂದ ಅತ್ತೆಯೂ ಬಂದರು, ಜೊತೆಗೆ ಆ ಮೀಸುವ ಹೆಂಗಸೂ. ಚಾ ಕುಡಿದ ಮೇಲೆ ಅತ್ತೆ ನನ್ನನ್ನು ಬಾಗಿಲ ಬೆಳಕಿಗೆ ಕರೆದು ಕೈ ಹಿಡಿದು ನೋಡಿದರು. ತಮ್ಮ ಹೆಬ್ಬೆರಳಿನಿಂದ ನನ್ನ ಅಂಗೈ ಒತ್ತಿದರು. ಆಮೇಲೆ ಆ ಹೆಂಗಸಿಗೆ ಹೇಳಿದರು, "ನೀವ್ ಕೂಕಣಿ. ಅಜ್ಜಿಯೇ ಮೀಸ್ಲಿ." ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮಗುವಿನ ಕುತ್ತಿಗೆಯ ಮಡಿಕೆಯಲ್ಲಿ ಸ್ವಲ್ಪ ಕೆಂಪಾಗಿತ್ತು. ನೋಡಲು ಬಂದ ಸೀತು, "ನಿನ್ನ ಟ್ಯೂಬ್ ಉಳ್ದಿತ್ತಲ್ದಾ ಅಕ್ಕ, ಹಗೂರದ್ದ್, ಒಂದ್ಚೂರ್ ಹಚ್ಚ್" ಎಂದಳು. "ಅದ್ ನನ್ ಕೈಗೆ ಕೊಟ್ಟದ್ದ್, ಮಗಿನ ಕುತ್ತಿಗಿಗಲ್ಲ" ಎಂದೆ. ಡಾಕ್ಟ್ರಮ್ಮನಿಗೆ ತೋರಿಸಿದರೆ ಏನೂ ಬೇಡ, ಮಡಿಕೆ ಒಣಗಿಸಿ ಇಡಿ ಎಂದರು. ಎರಡು ದಿನಕ್ಕೆ ಹೋಯಿತು.

ಈಗ ನಿನ್ನನ್ನೊಂದು ಕೇಳಬೇಕು. ಮೊದಲ ಸ್ನಾನದ ದಿನ ಹಂಡೆಯಲ್ಲಿ ನೀರು ಕಾಯಿಸಿ, ಯಾವಾಗಲೂ ಮಾಡುವ ಹಾಗೆ ಬಾಲ್ದಿಗೆ ಬೆರೆಸಿದೆ. ಕಾಲು ನೀಡಿ ಕೂತು, ಮಗುವನ್ನು ಮಲಗಿಸಿಕೊಂಡು, ಹದ ನೋಡಲು ನೀರಿಗೆ ಕೈ ಅದ್ದಿದೆ. ಅದ್ದಿದವಳೇ ಎಳೆದುಕೊಂಡೆ. ಸುಟ್ಟಿತು ಕಮಲಾ. ಬೆರಳು ಕೆಂಪಾಯಿತು. ಇದೇ ಹಂಡೆ, ಇದೇ ಕಟ್ಟಿಗೆ, ನಾನು ಬೆರೆಸುವ ಅದೇ ಅಳತೆ. ಪ್ರಫುಲ್ಲನನ್ನು ಕರೆದು, "ಇದ್ ಬಿಸಿ ಜಾಸ್ತಿ ಇತ್ತಾ ಕಾಣ್" ಎಂದೆ. ಅವಳು ಕೈ ಅದ್ದಿ ನೋಡಿ, "ನೀ ಹಾಕೂದ್ ಯಾವಾಗ್ಳೂ ಇಷ್ಟೇ ಬಿಸಿ ಅಮ್ಮ" ಎಂದಳು.

ತಣ್ಣೀರು ಬೆರೆಸಿದೆ. ಇನ್ನೂ ಬೆರೆಸಿದೆ. ಮಗು ಒಂದು ಚೂರೂ ಅಳಲಿಲ್ಲ. ಬಾಯಿ ತೆರೆದುಕೊಂಡು ನೀರು ಬೀಳುವುದನ್ನೇ ಕೇಳುತ್ತಿತ್ತು, ಆಮೇಲೆ ಕಾಲ ಮೇಲೆಯೇ ನಿದ್ದೆ ಮಾಡಿತು.

ಪ್ರಫುಲ್ಲಾ ಸಣ್ಣದಿರುವಾಗ ಮೀಸಲು ಹೋದರೆ ಉಸಿರು ಕಟ್ಟುವ ಹಾಗೆ ಅರಚುತ್ತಿದ್ದಳಲ್ಲ. ನೀರು ಹೊಯ್ಯುತ್ತಿದ್ದವಳು ನೀನು. ಅವಳು ಯಾಕೆ ಹಾಗೆ ಅಳುತ್ತಿದ್ದಳು ಎಂದು ನಿನಗೆ ಗೊತ್ತಿತ್ತಾ?

ಪ್ರಭಾವತಿ


ಮಜಗಾಂವ್,
20 ಮೇ 2001

ಅಕ್ಕ,

ಗೊತ್ತಿತ್ತು. ನಾನು ಒಮ್ಮೆ ನೀರು ಬಿಸಿ ಎಂದು ಹೇಳಿದ್ದೆ. ನೀನು ಕೈ ಅದ್ದಿ ನೋಡಿ, "ಸಮ ಇತ್ತಲ್ದಾ, ನಿಂದೆಂತ ಹೂಗಿನ ಕೈಯಾ?" ಎಂದೆ. ಸುಟ್ಟು ದಪ್ಪವಾದ ಬೀಜದ ಕೈಗೆ ಬಿಸಿ ತಿಳಿಯುವುದಿಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ, ನನ್ನ ಕೈಯದೇ ದೋಷ ಎಂದುಕೊಂಡೆ. ಆದರೂ ಅವಳ ಅಳು ನೋಡಲಾಗದೆ, ನೀನು ಸೋಪು ತೆಗೆದುಕೊಳ್ಳಲು ಆಚೆ ತಿರುಗಿದಾಗ ಬಾಲ್ದಿಗೆ ಎರಡು ಚೆಂಬು ತಣ್ಣೀರು ಹಾಕುತ್ತಿದ್ದೆ.

ಆದಿತ್ಯವಾರ ಅವಳು ಅಳುತ್ತಿರಲಿಲ್ಲ, ನೆನಪಿದೆಯಾ? "ಆದಿತ್ಯವಾರ ಇವಳ ಅಳುವಿಗೂ ರಜೆ" ಎಂದು ನೀನು ನಗುತ್ತಿದ್ದೆ. ಆ ದಿನ ಮಾತ್ರ ನೀರು ಹೊಯ್ಯಲು ನಾನಿರುತ್ತಿದ್ದೆ, ಉಳಿದ ದಿನ ನನಗೆ ಶಾಲೆ ಇರುತ್ತಿತ್ತು ಅಕ್ಕ.

ಕಮಲ